ಕೆಮ್ಮು–ಸೀನಿನ ಶಿಷ್ಟಾಚಾರ: ಇತಿಹಾಸ

ಕೆಮ್ಮುವಾಗ, ಸೀನುವಾಗ ಬಾಯಿ ಮೂಗನ್ನು ಕರವಸ್ತ್ರದಿಂದಲೋ ಮೊಣಕೈ ಮಡಿಕೆಯಿಂದಲೋ ಮುಚ್ಚಿಕೊಳ್ಳುವುದು, ಕಂಡಕಂಡಲ್ಲಿ ಕಫ ಉಗುಳದಿರುವುದು, ಆಮೇಲೆ ಕೈ ತೊಳೆಯುವುದು ಈ ಶಿಷ್ಟಾಚಾರದ ಮುಖ್ಯ ಅಂಗಗಳು. ಕ್ಷಯ, ಫ್ಲೂ, ಕೋವಿಡ್ ಮುಂತಾದ ಸೋಂಕುಗಳ ಹರಡುವಿಕೆಯನ್ನು ತಗ್ಗಿಸುವುದು ಇದರ ಗುರಿ.

ಹಿನ್ನೆಲೆ: ಬಾಯಿ ಮುಚ್ಚಿಕೊಳ್ಳದೆ ಆಕಳಿಸಬಾರದು, ಸೀನಬಾರದು ಎಂದು ಚರಕಸಂಹಿತೆಯ ಸೂತ್ರಸ್ಥಾನ ವಿಧಿಸುತ್ತದೆ, ಬಂದ ಸೀನನ್ನು ತಡೆಹಿಡಿಯಬಾರದೆಂದೂ ಅದೇ ಗ್ರಂಥ ಎಚ್ಚರಿಸುತ್ತದೆ. ಅಲ್ಲಿ ಇದು ಸದ್ವೃತ್ತದ, ಅಂದರೆ ಒಳ್ಳೆಯ ನಡತೆಯ, ಮಾತು. ರೋಗಾಣುವಿನ ಆಧಾರ ದೊರೆತದ್ದು ಬಹಳ ತಡವಾಗಿ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಗುರುತಿಸಿದ. 1890ರ ದಶಕದ ಕೊನೆಗೆ ಕಾರ್ಲ್ ಫ್ಲ್ಯೂಗೆ ಎಂಬ ಜರ್ಮನ್ ವಿಜ್ಞಾನಿ, ಕೆಮ್ಮು ಮತ್ತು ಮಾತಿನೊಡನೆ ಸಿಡಿಯುವ ಹನಿಗಳಲ್ಲಿ ರೋಗಾಣುಗಳಿರುವುದನ್ನು ತೋರಿಸಿದ.

ಆರೋಗ್ಯಧಾಮಗಳ ಕಾಲ: ಔಷಧವಿಲ್ಲದಿದ್ದಾಗ ಕ್ಷಯರೋಗಿಯನ್ನು ಮನೆಯಿಂದ ದೂರವಿಡುವುದೇ ವಾಡಿಕೆಯಾಗಿತ್ತು. ಕ್ಷಯಕ್ಕೆ ಬಲಿಯಾದ ಸೋದರಿ ಕೃಷ್ಣಾಜಮ್ಮಣ್ಣಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಮೈಸೂರಿನಲ್ಲಿ ಆರೋಗ್ಯಧಾಮ ಕಟ್ಟಿಸಿದರು. ಮದ್ರಾಸಿನ ಬಳಿಯ ತಾಂಬರಂನಲ್ಲಿ 1928ರಲ್ಲಿ ಡಾ. ಚೌರಿ ಮುತ್ತು ಇನ್ನೊಂದನ್ನು ತೆರೆದರು. ಕಫವನ್ನು ಮುಚ್ಚಳದ ಪಾತ್ರೆಯಲ್ಲೇ ಉಗುಳುವುದು ಇಂಥ ಆರೋಗ್ಯಧಾಮಗಳ ಶಿಸ್ತಿನ ಭಾಗ.

ಮದ್ರಾಸ್ ಅಧ್ಯಯನ: ಕ್ಷಯಕ್ಕೆ ಔಷಧ ಬಂದ ಮೇಲೆ, 1956ರಲ್ಲಿ ಎಗ್ಮೋರ್‌ಗೆ ಹೊಂದಿಕೊಂಡ ಚೆಟ್‌ಪೆಟ್‌ನ ಸ್ಪರ್ ಟ್ಯಾಂಕ್ ರಸ್ತೆಯಲ್ಲಿ ಕ್ಷಯ ಔಷಧೋಪಚಾರ ಕೇಂದ್ರ ಆರಂಭವಾಯಿತು. ವ್ಯಾಲೆಸ್ ಫಾಕ್ಸ್ ನೇತೃತ್ವದ ತಂಡ ನಗರದ ಬಡ ರೋಗಿಗಳಲ್ಲಿ ಕೆಲವರಿಗೆ ಮನೆಯಲ್ಲೂ ಉಳಿದವರಿಗೆ ಆರೋಗ್ಯಧಾಮದಲ್ಲೂ ಒಂದೇ ಔಷಧ ಕೊಟ್ಟು ಹೋಲಿಸಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇಕ್ಕಟ್ಟಾದ ಮನೆಗಳಲ್ಲೂ ಚಿಕಿತ್ಸೆ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿತು. ಮನೆಯಲ್ಲೇ ಉಳಿದವರಿಂದ ಕುಟುಂಬಕ್ಕೆ ಹೆಚ್ಚಿನ ಅಪಾಯ ಕಾಣಲಿಲ್ಲ. ಮುಖ್ಯ ಅಪಾಯ ಇದ್ದದ್ದು ಚಿಕಿತ್ಸೆಗೆ ಮುಂಚಿನ ದಿನಗಳಲ್ಲಿ. ಕೆಮ್ಮುವವರನ್ನು ಊರಾಚೆ ಕಳಿಸುವ ಕ್ರೂರ ಕ್ರಮಕ್ಕೆ ಇದ್ದ ಸಮರ್ಥನೆ ಇದರಿಂದ ಕುಸಿಯಿತು. ಈ ಕೇಂದ್ರವೇ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ.

ಕರ್ನಾಟಕದ ಪಾಠ: 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ತುಮಕೂರು ಜಿಲ್ಲೆಯಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಕ್ಷಯದ ಲಕ್ಷಣವಿದ್ದ ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರೆಂದು ತೋರಿಸಿತು. ಜನರಿಗೆ ತಿಳಿವಳಿಕೆಯಿಲ್ಲ ಎಂಬ ದೂರು ಅಲ್ಲಿಗೆ ಸುಳ್ಳಾಯಿತು. ಹುಡುಕಿಬಂದ ರೋಗಿಯನ್ನು ಗುರುತಿಸುವ ಹೊಣೆ ಆಸ್ಪತ್ರೆಯದಾಯಿತು.

ಈಚಿನ ಬೆಳವಣಿಗೆ: 2003ರ ಸಾರ್ಸ್ ಬಳಿಕ ‘ಕೆಮ್ಮಿನ ಶಿಷ್ಟಾಚಾರ’ ಆಸ್ಪತ್ರೆಗಳ ಸೋಂಕುತಡೆ ನಿಯಮವಾಗಿ ರೂಪುಗೊಂಡಿತು. 2009ರ ಎಚ್1ಎನ್1 ಹಾವಳಿ ಅದನ್ನು ಶಾಲೆಗಳಿಗೂ ತಲುಪಿಸಿತು. 2020ರಲ್ಲಿ ಭಾರತದ ಮೊಬೈಲ್ ಕರೆಗಳೇ ಕೆಮ್ಮಿನ ಸದ್ದಿನೊಂದಿಗೆ ಕೋವಿಡ್ ಎಚ್ಚರಿಕೆ ಸಾರಿದವು.

ಮಿತಿ: ಹನಿಗಳ ನೀರು ಆರಿ ಉಳಿಯುವ ಸೂಕ್ಷ್ಮಕಣಗಳು ಗಾಳಿಯಲ್ಲಿ ತೇಲುತ್ತವೆಂದು ವಿಜ್ಞಾನಿ ವಿಲಿಯಂ ವೆಲ್ಸ್ 1934ರಲ್ಲಿ ವಿವರಿಸಿದ್ದ. ಕರವಸ್ತ್ರ ಅವನ್ನು ಪೂರ್ತಿ ತಡೆಯದು. ಕಿಟಕಿ ತೆರೆದಿಡುವುದು, ಮಾಸ್ಕ್ ತೊಡುವುದು ಅಷ್ಟೇ ಅಗತ್ಯ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಬಾಯಿ ಮುಚ್ಚಿಕೊಳ್ಳಲು ಕಲಿಸುವಾಗ ಈ ಮಾತನ್ನೂ ಕಲಿಸಬೇಕು, ಕೆಮ್ಮುವವರನ್ನು ಹೀಗಳೆಯದಿರುವುದನ್ನೂ ಕಲಿಸಬೇಕು. ನಾಚಿಕೆಯಿಂದ ಬಚ್ಚಿಟ್ಟ ಕೆಮ್ಮು ಚಿಕಿತ್ಸೆಯನ್ನು ತಡವಾಗಿಸುತ್ತದೆ.