ಎಲೆ ಹೇಳೋಕೆ ಮುಂಚೆ ಲ್ಯಾಬ್ ಹೇಳುತ್ತೆ: ಗುಲಾಬಿ ವೈರಸ್ ಹಿಡಿದ ಕಥೆ

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗೋ ಬಸ್ಸಲ್ಲಿ ಕೂತು ಇದನ್ನ ಕೇಳ್ತಿದ್ರೆ, ಒಂದ್ಸಲ ಕಿಟಕಿಯಿಂದ ಆಚೆ ನೋಡಿ. ಬಿಳಿ ಪ್ಲಾಸ್ಟಿಕ್ ಹೊದ್ದ ಪಾಲಿಹೌಸ್‌ಗಳು ಕಾಣ್ತವಲ್ಲ? ಅದರಲ್ಲಿ ಎಷ್ಟೋ ಕಡೆ ಒಳಗಿರೋದು ಗುಲಾಬಿ. ನಮ್ಮ ಚಿಕ್ಕಪ್ಪನದ್ದೂ ಅಂಥದ್ದೇ ಒಂದು, ಅರ್ಧ ಎಕರೆ.

ನಾನು ಬಿಕಾಂ ಓದಿದವನು. ಸಸ್ಯಶಾಸ್ತ್ರ ಗೊತ್ತಿಲ್ಲ, ಚಿಕ್ಕಪ್ಪನ ಲೆಕ್ಕ ಬರೆಯೋದು ಮಾತ್ರ ನನ್ನ ಕೆಲಸ. ಒಂದು ಚಳಿಗಾಲದಲ್ಲಿ ಎಲೆಗಳ ಮೇಲೆ ಹಳದಿ ಅಂಕುಡೊಂಕು ಗೆರೆ ಬಂತು. ಕಬ್ಬಿಣದ ಅಂಶ ಕಮ್ಮಿ ಅಂತ ಯಾರೋ ಹೇಳಿದ್ರು, ಸ್ಪ್ರೇ ಹೊಡೆದ್ವಿ. ಏಪ್ರಿಲ್ ಹೊತ್ತಿಗೆ ಹೊಸ ಎಲೆಗಳಲ್ಲಿ ಗೆರೆ ಇರಲಿಲ್ಲ. ಗೆದ್ದೆವು ಅಂದ್ಕೊಂಡ್ವಿ. ಮುಂದಿನ ಚಳಿಗೆ ಮತ್ತೆ ಬಂತು. ನನ್ನ ಪುಸ್ತಕದಲ್ಲಿ ಔಷಧಿ ಖರ್ಚು ಏರ್ತಿತ್ತು, ಹೂವಿನ ಆದಾಯ ಇಳೀತಿತ್ತು. ಕೊನೆಗೆ ಎಲೆಗಳನ್ನ ಲ್ಯಾಬ್‌ಗೆ ಕಳಿಸಿದಾಗ ಉತ್ತರ ಸಿಕ್ತು: ವೈರಸ್.

ಆಮೇಲೆ ಗೊತ್ತಾಗಿದ್ದು, ನಮ್ಮ ಸ್ಪ್ರೇ ಏನೂ ಮಾಡಿರಲಿಲ್ಲ. ಈ ರೋಗದ ಹೆಸರು ರೋಸ್ ಮೊಸಾಯಿಕ್. ಪ್ರೂನಸ್ ನೆಕ್ರೋಟಿಕ್ ರಿಂಗ್‌ಸ್ಪಾಟ್, ಆಪಲ್ ಮೊಸಾಯಿಕ್ ಅನ್ನೋ ವೈರಸ್‌ಗಳು ಒಂಟಿಯಾಗಿಯೋ ಜೊತೆಯಾಗಿಯೋ ಇದನ್ನ ತರ್ತವೆ. ಬಿಸಿಲು ಏರಿದಾಗ ಲಕ್ಷಣ ಮರೆಯಾಗುತ್ತೆ, ವೈರಸ್ ಗಿಡದೊಳಗೇ ಇರುತ್ತೆ. ಕೆಲವು ಗಿಡಗಳಂತೂ ಯಾವತ್ತೂ ಲಕ್ಷಣ ತೋರಿಸೋದೇ ಇಲ್ಲ. ತೋಟದಲ್ಲಿ ಹೊಡೆದು ವಾಸಿ ಮಾಡೋ ಔಷಧಿ ಇಲ್ಲ.

ಹಾಗಾದ್ರೆ ಕಣ್ಣಿಗೆ ಕಾಣದ್ದನ್ನ ಹಿಡಿಯೋದು ಹೇಗೆ? ಇವತ್ತಿನ ಕಥೆ ಇದೇ.

ಲ್ಯಾಬ್ ಉಪಕರಣ ಬರೋಕೆ ಮುಂಚೆ, ಒಂದು ಗಿಡದ ರೋಗವನ್ನ ಇನ್ನೊಂದು ಗಿಡದ ಬಾಯಲ್ಲಿ ಹೇಳಿಸ್ತಿದ್ರು. ಶಿರೋಫುಗೆನ್ ಅನ್ನೋ ಜಪಾನಿ ಚೆರ್ರಿ ಈ ವೈರಸ್‌ಗೆ ತುಂಬಾ ಸೂಕ್ಷ್ಮ. ಅನುಮಾನದ ಗುಲಾಬಿಯ ಕಣ್ಣನ್ನ ಅದರ ಕೊಂಬೆಗೆ ಕಸಿ ಕಟ್ಟಿ, ವಾರಗಟ್ಟಲೆ ಕಾಯೋದು. ಕಸಿಯ ಸುತ್ತ ತೊಗಟೆ ಸತ್ತು ಅಂಟು ಸೋರಿದ್ರೆ ವೈರಸ್ ಇದೆ ಅಂತ ಅರ್ಥ. ನಂಬಬಹುದಾದ ವಿಧಾನ, ಆದ್ರೆ ನಿಧಾನ.

1971ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಲೈಸಾ ಪರೀಕ್ಷೆ ಪ್ರಕಟಿಸಿದ್ರು. 1977ರಲ್ಲಿ ಇಂಗ್ಲೆಂಡಿನ ಈಸ್ಟ್ ಮಾಲಿಂಗ್‌ನ ಕ್ಲಾರ್ಕ್ ಮತ್ತು ಆಡಮ್ಸ್ ಅದನ್ನ ಸಸ್ಯ ವೈರಸ್‌ಗಳಿಗೆ ಒಗ್ಗಿಸಿದ್ರು. ಸಣ್ಣ ಸಣ್ಣ ಗುಳಿಗಳಿರೋ ಪ್ಲಾಸ್ಟಿಕ್ ತಟ್ಟೆ, ಪ್ರತಿ ಗುಳಿಯ ತಳದಲ್ಲಿ ವೈರಸ್ಸನ್ನ ಹಿಡ್ಕೊಳ್ಳೋ ಪ್ರತಿಕಾಯ. ಎಲೆಯ ರಸ ಹಾಕಿ, ಮೇಲೆ ಕಿಣ್ವ ಅಂಟಿಸಿದ ಇನ್ನೊಂದು ಪ್ರತಿಕಾಯ ಹಾಕಿದ್ರೆ, ವೈರಸ್ ಇರೋ ಗುಳಿ ಹಳದಿ ಆಗುತ್ತೆ. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳೀತು. ನೂರಾರು ಗಿಡಗಳನ್ನ ಒಟ್ಟಿಗೆ ನೋಡೋಕಾಯ್ತು.

1983ರಲ್ಲಿ ಕ್ಯಾರಿ ಮುಲ್ಲಿಸ್ ಪಿಸಿಆರ್ ಯೋಚಿಸಿದ. ಈ ಗುಲಾಬಿ ವೈರಸ್‌ಗಳು ಆರ್‌ಎನ್‌ಎ ವೈರಸ್‌ಗಳು. ಹಾಗಾಗಿ ಮೊದಲು ಆರ್‌ಎನ್‌ಎಯನ್ನ ಡಿಎನ್‌ಎ ಮಾಡಿ, ಆಮೇಲೆ ಅದನ್ನ ಕೋಟಿಪಟ್ಟು ಹೆಚ್ಚಿಸಬೇಕು. ಅದೇ ಆರ್‌ಟಿ-ಪಿಸಿಆರ್. ಹೌದು, 2020ರಲ್ಲಿ ನಮ್ಮ ನಿಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದೂ ಇದನ್ನೇ! 2000ದಲ್ಲಿ ಜಪಾನಿನಿಂದ ಲ್ಯಾಂಪ್ ವಿಧಾನ ಬಂತು. ಒಂದೇ ಬಿಸಿ, ಸುಮಾರು 60ರಿಂದ 65 ಡಿಗ್ರಿ, ಗಂಟೆಯೊಳಗೆ ಫಲಿತಾಂಶ. ದುಬಾರಿ ಯಂತ್ರ ಬೇಡ.

ಇಷ್ಟೆಲ್ಲ ಬಂದ್ಮೇಲೂ ಎರಡು ಕೊಕ್ಕೆ ಇವೆ. ಒಂದು, ಗೊತ್ತಿರೋ ವೈರಸ್‌ಗೆ ಮಾತ್ರ ಇಂಥ ಟೆಸ್ಟ್. ರೋಸ್ ರೊಸೆಟ್ ಅನ್ನೋ ರೋಗ ಉತ್ತರ ಅಮೆರಿಕದಲ್ಲಿ 1940ರ ದಶಕದಲ್ಲೇ ಕಂಡಿತ್ತು. ಅದರ ವೈರಸ್ ಪತ್ತೆಯಾಗಿದ್ದು 2011ರಲ್ಲಿ. ಎರಡು, ವೈರಸ್ ಗಿಡದಲ್ಲೆಲ್ಲ ಒಂದೇ ಸಮ ಹರಡಿರಲ್ಲ. ಒಂದೇ ಕೊಂಬೆಯ ಎಲೆ ಕೊಟ್ರೆ ‘ನೆಗೆಟಿವ್’ ಬರಬಹುದು. ಹಲವು ಕೊಂಬೆಗಳಿಂದ, ತಂಪು ಕಾಲದ ಎಳೆ ಎಲೆ ತೆಗೀಬೇಕು.

ಈಗ ಲೆಕ್ಕದವನ ಮಾತು ಕೇಳಿ. ರೋಸ್ ಮೊಸಾಯಿಕ್ ಮುಖ್ಯವಾಗಿ ಹರಡೋದು ಕಸಿಯಿಂದ. ಒಂದು ತಾಯಿ ಗಿಡದಿಂದ ನೂರಾರು ಕಣ್ಣು ತೆಗೀತಾರೆ. ತಾಯಿಗೆ ರೋಗ ಇದ್ರೆ ಅದು ನೂರಾರು ತೋಟಕ್ಕೆ ದುಡ್ಡು ಕೊಟ್ಟು ತಂದ ರೋಗ. ನಾವು ತೋಟದಲ್ಲಿ ಟೆಸ್ಟ್ ಮಾಡಿಸಿದ್ದು, ಅಂಗಡಿ ಮುಳುಗಿದ ಮೇಲೆ ಆಡಿಟ್ ಮಾಡಿಸಿದ ಹಾಗೆ. ಮಾಡಬೇಕಿದ್ದು ತಾಯಿ ಗಿಡಕ್ಕೆ, ಕಣ್ಣು ತೆಗೆಯೋಕೆ ಮುಂಚೆ. ಅಲ್ಲೇ ಸಿಕ್ಕಿಬಿದ್ರೆ ಆ ಗಿಡವನ್ನ ಕೈಬಿಡಬಹುದು. ಅಪರೂಪದ ತಳಿಯಾದ್ರೆ 38 ಡಿಗ್ರಿ ಬಿಸಿಯಲ್ಲಿ ವಾರಗಟ್ಟಲೆ ಇಟ್ಟು ಶುದ್ಧ ಮಾಡೋಕೂ ಪ್ರಯತ್ನಿಸಬಹುದು.

ನಮಗೆ ವಿಜ್ಞಾನ ದೂರ ಇಲ್ಲ. 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೆಸರಘಟ್ಟದಲ್ಲಿದೆ, ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿದೆ. ನಮ್ಮ ಪಾಲಿಹೌಸ್‌ನಿಂದ ಬೈಕಲ್ಲೇ ಹೋಗಿ ಬರಬಹುದು. ದೂರ ಇದ್ದದ್ದು ನಾವು ಕೇಳದೇ ಬಿಟ್ಟ ಒಂದು ಪ್ರಶ್ನೆ.

ಹೋದ ತಿಂಗಳು ಚಿಕ್ಕಪ್ಪ ಹಳೇ ಗಿಡ ಕಿತ್ತು ಹೊಸ ಸಸಿ ನೋಡೋಕೆ ಹೋದ್ರು. ಈ ಸಲ ರೇಟ್ ಕೇಳೋಕೆ ಮುಂಚೆ, ‘ತಾಯಿ ಗಿಡ ಟೆಸ್ಟ್ ಮಾಡಿಸಿದ್ದೀರಾ?’ ಅಂದ್ರು. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ’ ಅಂದ್ರಂತೆ. ಚಿಕ್ಕಪ್ಪ ಸಸಿ ತಗೊಳ್ಳದೇ ವಾಪಸ್ ಬಂದ್ರು. ನನ್ನ ಲೆಕ್ಕದ ಪುಸ್ತಕದಲ್ಲಿ ಆ ದಿನದ ಖರ್ಚು ಬರೀ ಪೆಟ್ರೋಲ್.

ನಿಮ್ಮ ಮನೇಲೂ ಯಾರಾದ್ರೂ ಗುಲಾಬಿ ಹಾಕೋರಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ. ಮತ್ತೆ ಸಿಗೋಣ.