ಎರಡು ಹೊತ್ತಿನ ಮಾಂಸದೂಟ

ರಜೆ ಸಿಕ್ಕರೆ ಜನ ಪರದೇಶಕ್ಕೆ ಹೋಗುವುದು ಊರು ನೋಡಲಿಕ್ಕೆ ಎಂದೇ ನಮ್ಮ ನಂಬಿಕೆ. 1950ರಲ್ಲಿ, ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿಗೆ ಬಂದಿದ್ದ ವ್ಲಾದಿಮಿರ್ ರೈಟ್ಜ್ ತನ್ನ ಹೊರೈಜನ್ ಕಂಪನಿಯಿಂದ ಕಾರ್ಸಿಕಾ ದ್ವೀಪದ ಕಾಲ್ವಿಗೆ ಜನರನ್ನು ವಿಮಾನದಲ್ಲಿ ಕರೆದೊಯ್ದಾಗ ತೋರಿಸಿದ ಆಸೆಯೇ ಬೇರೆ. 32 ಪೌಂಡ್ 10 ಶಿಲಿಂಗಿಗೆ ಹೋಗಿಬರುವ ವಿಮಾನ, ಮಲಗಲು ಸೈನ್ಯದ ಹಳೆಯ ಡೇರೆ, ದಿನಕ್ಕೆರಡು ಹೊತ್ತು ಮಾಂಸದೂಟ, ಜೊತೆಗೆ ವೈನು.

ಮಾಂಸಕ್ಕೇಕೆ ಅಷ್ಟು ಮಹತ್ವ? ಯುದ್ಧ ಗೆದ್ದ ಬ್ರಿಟನ್ನಿನಲ್ಲಿ ಆಗಿನ್ನೂ ಅದಕ್ಕೆ ರೇಷನ್, ತೆರವಾದದ್ದು 1954ರಲ್ಲಿ. ಬ್ರೈಟನ್ನಿನಲ್ಲಿ ಕಡಲಿತ್ತು, ಬಿಸಿಲೂ ಇತ್ತೆನ್ನೋಣ, ತಟ್ಟೆಯಲ್ಲಿ ಮಾತ್ರ ಬರ. ಸಂಬಳದ ರಜೆಗೆ 1938ರ ಕಾನೂನೇ ದಾರಿ ಮಾಡಿತ್ತು. ಆದರೂ ಸರ್ಕಾರ ರೈಟ್ಜ್‌ಗೆ ಮೊದಲು ಕೊಟ್ಟ ಪರವಾನಗಿ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಸೀಮಿತ. ಸರ್ಕಾರದ್ದೇ ವಿಮಾನ ಸಂಸ್ಥೆಯೂ ಬದುಕಬೇಕಲ್ಲ!