ಜಪಾನಿನ ಮನೆತನದ ಹೆಸರುಗಳು: ನೆಲದ ಗುರುತು

ಜಪಾನಿನ ಸಾಮಾನ್ಯ ಜನಕ್ಕೆ ಮನೆತನದ ಹೆಸರೇ ಇರಲಿಲ್ಲ, 1875ರಲ್ಲಿ ಮೇಜಿ ಸರ್ಕಾರ ಕಡ್ಡಾಯ ಮಾಡಿದಾಗ ಕಣ್ಣಿಗೆ ಬಿದ್ದ ಗದ್ದೆ, ಗುಡ್ಡಗಳನ್ನೇ ಹೆಸರಾಗಿಸಿಕೊಂಡರು ಎಂಬ ಮಾತು ಅರ್ಧಸತ್ಯ. ಅದಕ್ಕೂ ಹಿಂದಿನ ಎದೊ ಕಾಲದಲ್ಲಿ ನಿಷೇಧವಿದ್ದದ್ದು ಹೆಸರನ್ನು ಬಹಿರಂಗವಾಗಿ ಬಳಸುವುದಕ್ಕೆ. ದೇವಾಲಯಗಳ ದಾನಪಟ್ಟಿಗಳಲ್ಲಿ ರೈತರ ಮನೆತನದ ಹೆಸರುಗಳು ಸಿಗುತ್ತವೆ. ಹಾಗಾದರೆ ಗದ್ದೆಯ ನಡುವಿನವನು ತನಕಾ, ಬೆಟ್ಟದ ಬುಡದವನು ಯಮಮೊಟೊ, ಇಷ್ಟು ಸರಳವೇಕೆ ಎಂದು ಕೇಳಬಹುದು. ಸರಳತೆ ಅವಸರಕ್ಕೆ ಸಾಕ್ಷಿಯಲ್ಲ. ಮಿನಮೊಟೊ ಕುಲದ ಯೋಧರೇ 12ನೇ ಶತಮಾನದಲ್ಲಿ ತಾವು ನೆಲೆಸಿದ ಅಶಿಕಾಗಾ, ನಿಟ್ಟಾಗಳ ಹೆಸರು ಹೊತ್ತಿದ್ದರು. ಒಂದೇ ಕುಲ ಹತ್ತಾರು ಕಡೆ ಚದುರಿದಾಗ ಗುರುತಿಗೆ ನೆಲವೇ ಬೇಕಾಯಿತು. ಹೊಸದಾಗಿ ಹೆಸರು ಕಟ್ಟಿಕೊಂಡವರೂ ಇದ್ದರು, ನಿಜ. ಆದರೆ ಮನೆತನದ ಹೆಸರು ಬಳಸಲು 1870ರಲ್ಲೇ ಅನುಮತಿ ಸಿಕ್ಕಿದ್ದರೂ ಬಹಳ ಮಂದಿ ಮುಂದೆ ಬಂದಿರಲಿಲ್ಲ. ಕಡ್ಡಾಯಕ್ಕೆ ಪಟ್ಟು ಹಿಡಿದದ್ದು ಸೈನಿಕರ ಪಟ್ಟಿ ಬೇಕಿದ್ದ ಸೇನೆ.